ಬಂಡೆಯ ಬಲಮಗ್ಗುಲು

೧

“ಈ ಹಾಳಿ ನೀವ ಹರೀತೀರೋ, ನಾ ಹರೀಲೋ?”

“ಐನೂರು ಕಾಪಿ ಪ್ರಿಂಟ್ ಆಗಿದೆ ರೇಣುಕಮ್ಮ. ಎಷ್ಟು ಅಂತ ಹರೀತೀರಿ?”

“ಐದನೂರೂ ಹರೀತೀನಿ. ಸುಳ್ಳ ಬರದು ಮಂದಿ ಜೀವದ ಜೋಡಿ ಆಟ ಆಡಾಕ ನಾಚಿಕಿ ಬರಂಗಿಲ್ಲೇನು ನಿಮಗ?”

“ಮೆಲ್ಲಗೆ ಮಾತಾಡಿ. ಇದು ಆಫೀಸು, ನಿಮ್ಮ ಕಲ್ಲುಗಣಿ ಅಲ್ಲ.”

“ಕಲ್ಲಗಣಿನ ಇತ್ರಿ. ನೀವು ಕುಂತಿರೋ ಜಾಗಾದಾಗ ನಮ್ಮಪ್ಪ ಎರಡು ವರ್ಷ ಕಲ್ಲು ಒಡದಾನ.”

(ಇಲ್ಲಿಂದ ಶುರು ಮಾಡಬಹುದೇ? ಮೊದಲು ಸೂರ್ಯೋದಯದಿಂದ ಶುರು ಮಾಡಿದ್ದೆ. ಮೂರು ಪುಟವಾದರೂ ಸೂರ್ಯ ಮೇಲೆ ಬರಲಿಲ್ಲ. ಹರಿದು ಹಾಕಿದೆ. ಜಗಳವಾದರೋ ಕಾಯಿಸುವುದಿಲ್ಲ, ಬಾಗಿಲು ತೆಗೆದ ಕೂಡಲೇ ಎದುರಿಗಿರುತ್ತದೆ.)

ಯಾರು, ಎಲ್ಲಿ, ಏನು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟು ಓದುಗರನ್ನು ಆಟ ಆಡಿಸುವ ಲೇಖಕರನ್ನು ಕಂಡರೆ ನನಗೆ ಆಗುವುದಿಲ್ಲ.

ಹೈದರಾಬಾದು, ಕೊಂಡಾಪುರ, ೨೦೦೬ನೇ ಇಸವಿ. ಗೋಪಿನಾಥ ಮೈಸೂರಿನವನು. ಸಾಫ್ಟ್‌ವೇರ್ ಕಂಪನಿಗಳ ಹುಡುಗ ಹುಡುಗಿಯರನ್ನು ಗುಂಪುಗುಂಪಾಗಿ ಶನಿವಾರ ಊರಾಚೆಯ ಕೆರೆಯಲ್ಲಿ ಹಾಯಿದೋಣಿಗೆ, ಭಾನುವಾರ ಅಲ್ಲೇ ಪಕ್ಕದ ಬಂಡೆ ಹತ್ತಲು ಕರೆದೊಯ್ಯುವುದು ಅವನ ವ್ಯಾಪಾರ. ರೇಣುಕಾ ಯಾದಗಿರಿ ಕಡೆಯವಳು, ನಲವತ್ತನಾಲ್ಕು ವರ್ಷ. ಚಿಕ್ಕಂದಿನಿಂದ ಅಪ್ಪನ ಜೊತೆ ಕಲ್ಲು ಒಡೆದವಳು. ಈಗ ಗೋಪಿನಾಥನ ಹತ್ತಿರ ಅವಳದು ಹಗ್ಗ ಹಿಡಿಯುವ ಕೆಲಸ. ಹತ್ತುವವರ ಸೊಂಟಕ್ಕೆ ಕಟ್ಟಿದ ಹಗ್ಗ ಬಂಡೆಯ ನೆತ್ತಿಯಲ್ಲಿರುವ ಕೊಂಡಿಯೊಳಗೆ ಹಾದು ಕೆಳಗೆ ಅವಳ ಕೈಗೆ ಬರುತ್ತದೆ. ಮೇಲಿನವರ ಕಾಲು ಜಾರಿದರೆ ಕೆಳಗೆ ಅವಳು ಬಿಗಿ ಹಿಡಿಯಬೇಕು. ಮೂರು ವರ್ಷದಲ್ಲಿ ಅವಳ ಕೈಯಿಂದ ಒಬ್ಬರೂ ಬಿದ್ದಿಲ್ಲ.

ಜಗಳ ಆ ಹಾಳೆಯದು. ಅದರ ಹೆಸರು ‘ಪ್ರವಾಸದಲ್ಲಿ ಏನೇನು ನಿರೀಕ್ಷಿಸಬಹುದು’. ಅದರಲ್ಲಿ ಎರಡನೇ ದಿನಕ್ಕೆ ಒಂದು ಸಾಲು: ‘ನಲವತ್ತು ಅಡಿ ಬಂಡೆಯ ಬಲಮಗ್ಗುಲನ್ನು ಏರುವುದು. ಸಂಪೂರ್ಣ ಸುರಕ್ಷಿತ.’ ಮೇಲೆ ಆ ಮಗ್ಗುಲಿನದೇ ಬಣ್ಣದ ಫೋಟೊ.

ಹಿಂದಿನ ವಾರ ರೇಣುಕಾ ನೆತ್ತಿಯಿಂದ ಹಗ್ಗದಲ್ಲಿ ಇಳಿಯುತ್ತಾ ಆ ಬಲಮಗ್ಗುಲನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಿದ್ದಳು. ಕಲ್ಲು ಒಡೆಯುವವರು ಹಾಗೆಯೇ ಮಾಡುವುದು. ತಟ್ಟುತ್ತಾರೆ, ಕಿವಿ ಇಡುತ್ತಾರೆ, ಇನ್ನೊಂದು ಗೇಣು ಸರಿದು ಮತ್ತೆ ತಟ್ಟುತ್ತಾರೆ. ಗಟ್ಟಿ ಕಲ್ಲು ಗಂಟೆಯ ಹಾಗೆ ದನಿ ಕೊಡುತ್ತದೆ. ಒಳಗೆ ಬಿರುಕಿದ್ದರೆ ಒಡೆದ ಮಡಕೆ ತಟ್ಟಿದ ಹಾಗೆ ಕೇಳುತ್ತದೆ. ಬಲಮಗ್ಗುಲಿನ ಇಪ್ಪತ್ತು ಅಡಿ ಎತ್ತರದಲ್ಲಿ ಒಂದು ಚಪ್ಪಡಿ, ಬಾಗಿಲಿನಷ್ಟು ದೊಡ್ಡದು, ಬಂಡೆಯಿಂದ ಬಿಟ್ಟುಕೊಂಡಿದೆ ಎಂದು ಅವಳಿಗೆ ಗೊತ್ತಾಯಿತು. ಅದನ್ನು ಹಿಡಿದು ಜೋತುಬಿದ್ದರೆ ಕಿತ್ತುಬರುತ್ತದೆ. ಹಗ್ಗ ಮನುಷ್ಯನನ್ನು ಹಿಡಿದೀತು, ಕಲ್ಲನ್ನು ಹಿಡಿಯುವುದಿಲ್ಲ.

“ಎಡಕ್ಕ ಹತ್ತಸ್ರಿ,” ಎಂದಳು.

“ಎಡಗಡೆ ಮನೆ ಮೆಟ್ಟಿಲ ಥರ ಇದೆ. ಅದನ್ನ ಹತ್ತೋಕೆ ಇಲ್ಲಿಂದ ಅಲ್ಲಿಗೆ ಯಾರು ಬರ್ತಾರೆ? ಅವರು ಫೋಟೊ ನೋಡಿ ಬುಕ್ ಮಾಡಿರೋದು. ನೀವು ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ.”

ರೇಣುಕಾ ಹೋಗುವುದೆಂದು ತೀರ್ಮಾನಿಸಿದಳು. ಹೋಗದಿದ್ದರೆ ಏನೂ ಅರಿಯದ ಯಾರೋ ಒಬ್ಬರ ಕೈಗೆ ಆ ಹಗ್ಗ ಹೋಗುತ್ತದೆ. ಭಾನುವಾರ ಬಲಮಗ್ಗುಲಿಗೆ ಒಂದು ಕಾಲೂ ತಾಗಬಾರದು. ಅವಳಿಗೆ ಬೇಕಿದ್ದದ್ದು ಇಷ್ಟೇ.

೨

ಹಾಳೆ ಇಂಗ್ಲಿಷಿನಲ್ಲಿದೆ. ನೀವೂ ಇಂಥ ಪ್ರವಾಸಕ್ಕೆ ಹೋಗುವವರಿರಬಹುದು. ಅದಕ್ಕೇ ಕೆಲವು ಸಾಲು ಕನ್ನಡಕ್ಕೆ ತಂದು, ಪಕ್ಕದಲ್ಲಿ ನಿಜವನ್ನೂ ಇಡುತ್ತೇನೆ.

‘ಮುಂಜಾನೆಯ ತಂಗಾಳಿಗೆ ಹಾಯಿ ಬಿಚ್ಚಿ ತೇಲುವಿರಿ.’ ಮುಂಜಾನೆ ಆ ಕೆರೆಯ ಮೇಲೆ ಗಾಳಿಯೇ ಇರುವುದಿಲ್ಲ. ಹನ್ನೊಂದರವರೆಗೆ ಬಿಸಿಲಲ್ಲಿ ಸುಮ್ಮನೆ ಕೂರುವಿರಿ. ಕುಂಡೆ ಒದ್ದೆಯಾಗುತ್ತದೆ. ಆಮೇಲೆ ಗಾಳಿ ಹೇಳದೆ ಕೇಳದೆ ಬರುತ್ತದೆ. ದೋಣಿ ತಿರುಗಿದಾಗ ಹಾಯಿಯ ಅಡಿಯ ಅಡ್ಡಗೋಲು ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸುತ್ತದೆ. ತಲೆ ತಗ್ಗಿಸಿ. ತಗ್ಗಿಸದವರಿಗೆ ಎರಡನೇ ಸಲ ಹೇಳಬೇಕಾಗುವುದಿಲ್ಲ.

‘ತಂಡದಲ್ಲಿ ಪರಸ್ಪರ ನಂಬಿಕೆ ಬೆಳೆಯುತ್ತದೆ.’ ಒಂದು ದೋಣಿಗೆ ನಾಲ್ಕು ಜನ. ಒಬ್ಬರು ಚುಕ್ಕಾಣಿ ಹಿಡಿಯುತ್ತಾರೆ, ಒಬ್ಬರು ಹಾಯಿಯ ಹಗ್ಗ. ಉಳಿದಿಬ್ಬರು ಬೈಯುತ್ತಾರೆ.

‘ಈಜು ಬರಬೇಕೆಂದಿಲ್ಲ.’ ನಿಜ. ಲೈಫ್ ಜಾಕೆಟ್ ಕೊಡುತ್ತಾರೆ. ಅದರ ವಾಸನೆಯ ವಿಷಯದಲ್ಲಿ ಹಾಳೆ ಬಾಯಿ ಬಿಡುವುದಿಲ್ಲ.

‘ಸಂಜೆ ಟೆಂಟಿನ ಮುಂದೆ ಬಿರಿಯಾನಿ.’ ಬಿರಿಯಾನಿ ಚೆನ್ನಾಗಿರುತ್ತದೆ. ಒಪ್ಪಿದೆ.

(ನಾನು ಹಾಯಿದೋಣಿ ಹತ್ತಿದವನಲ್ಲ. ಕೃಷ್ಣೆ ದಾಟಲು ಹರಿಗೋಲಿನಲ್ಲಿ ಕೂತಿದ್ದೇನೆ. ಅದು ಗರಗರ ತಿರುಗುತ್ತಾ, ನಾವು ಅಂದುಕೊಂಡ ಜಾಗ ಬಿಟ್ಟು ಇನ್ನೆಲ್ಲೋ ದಡ ಸೇರುತ್ತದೆ. ಈ ಕತೆಯ ಲಕ್ಷಣವೂ ಹಾಗೇ ಕಾಣುತ್ತಿದೆ.)

೩

ಶನಿವಾರ ಬಸ್ಸಿನಲ್ಲಿ ಬಂದವರು ಇಪ್ಪತ್ತೆರಡು ಜನ, ಎಲ್ಲ ಒಂದೇ ಕಂಪನಿಯವರು. ಎಲ್ಲರ ಹೆಸರು ಹೇಳುವ ತಾಳ್ಮೆ ನನಗಿಲ್ಲ. ಇಬ್ಬರು ಸಾಕು. ಟೀಮ್ ಲೀಡರ್ ಗಗನ, ಬೆಂಗಳೂರಿನವನು. ಅವನ ಕೈಕೆಳಗಿನ ಪೂರ್ವಿ, ಮಲ್ಪೆಯವಳು, ಇಪ್ಪತ್ತನಾಲ್ಕು ವರ್ಷ.

ಬಸ್ಸಿನಲ್ಲಿ ಪೂರ್ವಿಯದೇ ಮಾತು. “ನಮ್ಗೆ ನೀರು ಅಂದ್ರೆ ಅಂಗಳ ಮಾರಾಯ್ರೆ. ಈ ಕೆರೆ ಎಂತದು, ಬಕೆಟು.”

ಹನ್ನೊಂದೂವರೆಗೆ ಗಾಳಿ ಬಂತು. ದೋಣಿ ಒಂದು ಮಗ್ಗುಲಿಗೆ ವಾಲಿತು. ಪೂರ್ವಿ ಬದಿಗೆ ಬಗ್ಗಿ ತಿಂದದ್ದನ್ನೆಲ್ಲ ಕಕ್ಕಿದಳು.

“ಪೂರ್ವಿ, ನಿಮ್ಮ ಅಂಗಳ ಗಲೀಜಾಯ್ತಲ್ಲಮ್ಮ,” ಎಂದ ಗಗನ. ಐದು ದೋಣಿಯವರು ನಕ್ಕರು. ಆರನೇ ದೋಣಿಯವರಿಗೆ ಕೇಳಿಸಿರಲಿಲ್ಲ, ಗಗನ ಅವರಿಗೂ ಕೂಗಿ ಹೇಳಿದ.

ದಡದಲ್ಲಿ ರೇಣುಕಾ ಅವಳ ಮುಖ ತೊಳೆಸಿ, ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿದ ನೀರು ಕೊಟ್ಟಳು.

“ನಾಳೆ ಬಲಗಡೆ ಎಲ್ಲರಿಗಿಂತ ಮೊದಲು ನಾನೇ ಹತ್ತುವುದು ಅಕ್ಕ. ಆ ಮನುಷ್ಯ ಕೆಳಗೆ ನಿಂತು ನೋಡ್ಬೇಕು.”

“ಎಡಕ್ಕ ಹತ್ತು ತಂಗಿ.”

“ಎಡಗಡೆ ನಮ್ಮ ಅಜ್ಜಿ ಸಹ ಹತ್ತಿಯಾರು.”

“ಅಜ್ಜಿಗೂ ಕರ್ಕೊಂಬಾ. ಇಬ್ಬರೂ ಹತ್ರಿ. ಬಲಕ್ಕ ಕಲ್ಲು ಸಡಲ ಐತಿ.”

“ಗೋಪಿನಾಥ್ ಸರ್ ಸೇಫ್ ಅಂತ ಬರ್ದಿದ್ದಾರಲ್ಲ?”

“ಅವರು ಬರದಾರ. ನಾ ತಟ್ಟಿ ನೋಡೀನಿ.”

ಪೂರ್ವಿ ನೀರು ಕುಡಿದು ಲೋಟ ಕೆಳಗಿಟ್ಟಳು. “ಇಲ್ಲ ಅಕ್ಕ. ಇವತ್ತು ಇಷ್ಟು ನಗಾಡಿದ್ದಾರೆ. ನಾಳೆ ನಾನು ಹತ್ತುವುದೇ.”

ಹಟಮಾರಿ. ರೇಣುಕಾಗೆ ಹುಡುಗಿ ಹಿಡಿಸಿದಳು. ಇದರಿಂದ ಅವಳ ಕೆಲಸ ಇನ್ನೂ ಕಷ್ಟವಾಯಿತು.

೪

ಕರಡು ಒಂದು. ಭಾನುವಾರ ಎಂಟು ಗಂಟೆಗೆ ಪೂರ್ವಿ ಬಲಮಗ್ಗುಲು ಹತ್ತಿದಳು. ಇಪ್ಪತ್ತು ಅಡಿ ಏರಿ ಚಪ್ಪಡಿಯ ಅಂಚಿಗೆ ಕೈ ಹಾಕಿದಳು. ಚಪ್ಪಡಿ ಕಿತ್ತು

“ನಿಲ್ಲಸ್ರಿ ಅಣ್ಣಾರ.”

ಇದು ರೇಣುಕಾ ನನಗೆ ಹೇಳಿದ್ದು. ಗೋಪಿನಾಥನಿಗಲ್ಲ.

“ಯಾಕವ್ವ? ನೀನು ಹೇಳಿದ್ದೇ ನಿಜ ಅಂತಾಗುತ್ತದಲ್ಲ. ಓದಿದವರೆಲ್ಲ ನಿನ್ನ ಕಡೆ ಆಗುತ್ತಾರೆ.”

“ನಾ ಹೇಳಿದ್ದು ಖರೆ ಅಂತ ತೋರ್ಸಾಕ ಆ ಹುಡುಗಿ ಕಾಲು ಮುರೀಬೇಕೇನ್ರಿ?”

ನಾನು ಪೆನ್ನಿನ ಟೋಪಿ ಹಾಕಿದೆ. ತೆಗೆದೆ. ಮೇಲಿನ ಸಾಲುಗಳನ್ನು ಹೊಡೆದು ಹಾಕಿದ್ದೇನೆ. ನೀವು ಓದಿಬಿಟ್ಟಿದ್ದೀರಿ, ಅದಕ್ಕೆ ನಾನೇನೂ ಮಾಡುವಂತಿಲ್ಲ.

ಕರಡು ಎರಡು. ಪೂರ್ವಿ ಹತ್ತಿದಳು. ಏನೂ ಆಗಲಿಲ್ಲ. ಇಪ್ಪತ್ತೆರಡು ಜನರೂ ಹತ್ತಿ ಇಳಿದು ಫೋಟೊ ತೆಗೆಸಿಕೊಂಡರು. ಗೋಪಿನಾಥ ನಕ್ಕ. ರೇಣುಕಾ ಮುಖ ಸಣ್ಣದು ಮಾಡಿಕೊಂಡು ಹಗ್ಗ ಸುತ್ತಿದಳು.

“ಇದೂ ಆಗಬಹುದು,” ಎಂದಳು ರೇಣುಕಾ, ಕೋಪವಿಲ್ಲದೆ. “ಸಡಲ ಕಲ್ಲು ಹತ್ತು ವರ್ಷ ನಿಂತದ್ದೂ ನೋಡೀನಿ. ಹನ್ನೊಂದನೇ ವರ್ಷ ಬೀಳತೈತಿ. ಆವಾಗ ಕೆಳಗ ಯಾರು ಇರ್ತಾರ, ನೀವು ಬರಿತೀರೇನು?”

“ಹಾಗಾದರೆ ನೀನೇ ಹೇಳು, ಏನು ಬರೆಯಲಿ?”

“ನಾಕು ಆಳು, ಒಂದು ಹಾರಿ ಕೊಡ್ರಿ. ಮಂದಿ ಏಳೂದ್ರಾಗ ಆ ಚಪ್ಪಡಿ ಮೀಟಿ ಕೆಳಗ ಕೆಡವತೀನಿ. ಆಮ್ಯಾಲ ಯಾರು ಬೇಕಾದವ್ರು ಹತ್ಲಿ.”

ಹಾರೆ ಕೊಡಬಹುದಿತ್ತು. ನಾಲ್ಕು ಆಳುಗಳನ್ನು ಲಿಂಗಂಪಲ್ಲಿ ಸ್ಟೇಷನ್ನಿನ ಎದುರಿನ ಕೂಲಿ ಅಡ್ಡೆಯಿಂದ ಒಂದೇ ಸಾಲು ಬರೆದು ಕರೆತರಬಹುದಿತ್ತು. ಬರೆಯುವವನಿಗೆ ಖರ್ಚೇನು. ಆದರೆ ಕೊಟ್ಟರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಅದಕ್ಕೇ ಕೊಡಲಿಲ್ಲ. “ಆ ಬಂಡೆ ಬೇರೆಯವರ ಜಮೀನಿನಲ್ಲಿದೆ, ಪರ್ಮಿಶನ್ ಬೇಕು” ಎಂದು ಒಂದು ನೆಪ ಹೇಳಿದೆ. ರೇಣುಕಾ ನನ್ನನ್ನೇ ನೋಡಿದಳು. ಕಲ್ಲು ತಟ್ಟುವವಳಿಗೆ ಮಾತು ತಟ್ಟಿ ನೋಡುವುದೂ ಬರುತ್ತದೆ.

೬

(ಐದು ಇಲ್ಲ. ಐದರಲ್ಲಿ ಚಂದ್ರ, ನಕ್ಷತ್ರ, ಟೆಂಟು, ಗಗನನ ಗಿಟಾರು ಇದ್ದವು. ನನಗೇ ಓದಲಾಗಲಿಲ್ಲ.)

ಭಾನುವಾರ. ಬಂಡೆಯ ಬುಡ. ಇಪ್ಪತ್ತೆರಡು ಹೆಲ್ಮೆಟ್ಟು.

ರೇಣುಕಾ ಬೇಗ ಬಂದು ಹಗ್ಗವನ್ನು ಎಡಮಗ್ಗುಲಿಗೆ ಕಟ್ಟಿದ್ದಳು. ಗೋಪಿನಾಥ ಬಂದು ಬಿಚ್ಚಿಸಿ ಬಲಕ್ಕೆ ಹಾಕಿಸಿದ. ಅವನಿಗೆ ಎತ್ತರ ಕಂಡರೆ ತಲೆ ಸುತ್ತುತ್ತದೆ, ಹಗ್ಗ ಹಿಡಿಯಲು ಬರುವುದಿಲ್ಲ. ಬೇರೆಯವರನ್ನು ಹುಡುಕುತ್ತೇನೆ ಎಂದಿದ್ದನಲ್ಲ, ಒಬ್ಬರೂ ಸಿಕ್ಕಿರಲಿಲ್ಲ. ಹಾಗಾಗಿ ದನಿ ಮೆತ್ತಗಿತ್ತು.

“ಇದೊಂದು ಸಲ ರೇಣುಕಮ್ಮ. ಮುಂದಿನ ತಿಂಗಳಿಂದ ನೀವು ಹೇಳಿದ ಕಡೆಯೇ ಹತ್ತಿಸೋಣ.”

ರೇಣುಕಾ ಸೊಂಟದಲ್ಲಿದ್ದ ಸುತ್ತಿಗೆ ತೆಗೆದು ಪೂರ್ವಿಯ ಕೈಗಿಟ್ಟಳು. “ಎಡಕ್ಕ ಒಂದು ಏಟು ಹಾಕು. ಬಲಕ್ಕ ಆ ಚಪ್ಪಡಿ ಒಳಬಿರುಕು ಇಲ್ಲೀತನ ಇಳದೈತಿ, ಅಲ್ಲೊಂದು ಹಾಕು. ಕಿವಿ ಕೊಟ್ಟು ಕೇಳು.”

ಪೂರ್ವಿ ಎಡಕ್ಕೆ ತಟ್ಟಿದಳು. ಬಲಕ್ಕೆ ತಟ್ಟಿದಳು. ಮತ್ತೆ ಎಡಕ್ಕೆ.

“ನನಗೆ ಎರಡೂ ಒಂದೇ ಕೇಳ್ತದೆ ಅಕ್ಕ.”

ಗಗನನೂ ತಟ್ಟಿದ. “ನನಗೂ ಸೇಮ್.” ಈ ಸಲ ಅವನು ತಮಾಷೆ ಮಾಡಿರಲಿಲ್ಲ.

ಇಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಮೇಲೆ ಗಂಟೆ, ಒಡೆದ ಮಡಕೆ ಎಂದೆಲ್ಲ ಬರೆದೆ. ಅಷ್ಟು ಸುಲಭವಿಲ್ಲ. ನಾನೂ ಅಲ್ಲಿ ನಿಂತು ಕೇಳಿದೆ, ನನಗೂ ಒಂದೇ ಕೇಳಿಸಿತು. ಆ ವ್ಯತ್ಯಾಸ ಮೂವತ್ತು ವರ್ಷ ಕಲ್ಲು ತಟ್ಟಿದ ಕಿವಿಗೆ ಮಾತ್ರ ಸಿಗುವಂಥದ್ದು. ಇಪ್ಪತ್ತೆರಡು ಜನರೆದುರು ಅದನ್ನು ತೋರಿಸಲು ರೇಣುಕಾ ಹತ್ತಿರ ಬೇರೇನೂ ಇರಲಿಲ್ಲ.

“ಕೇಳ್ತಲ್ಲ? ಏನೂ ಇಲ್ಲ,” ಎಂದ ಗೋಪಿನಾಥ. “ಪೂರ್ವಿ, ನಡಿ.”

ಪೂರ್ವಿ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬಲಮಗ್ಗುಲಿನ ಬುಡದಲ್ಲಿ ನಿಂತಳು. ಹತ್ತುವವರು ‘ಹತ್ತಲಾ’ ಎಂದು ಕೇಳಬೇಕು. ಹಗ್ಗ ಹಿಡಿದವರು ‘ಹತ್ತು’ ಎನ್ನಬೇಕು. ಅಲ್ಲಿಯವರೆಗೆ ಕಾಲು ಎತ್ತುವಂತಿಲ್ಲ. ಎಲ್ಲ ಕಡೆಯೂ ಇದೇ ಪದ್ಧತಿ.

“ಹತ್ತಲಾ ಅಕ್ಕ?”

ರೇಣುಕಾ ಹಗ್ಗ ಹಿಡಿದು ಮೇಲಿನ ಚಪ್ಪಡಿಯನ್ನೇ ನೋಡುತ್ತಿದ್ದಳು.

“ಹತ್ತಲಾ?”

“ಹೇಳಿ ರೇಣುಕಮ್ಮ,” ಎಂದ ಗೋಪಿನಾಥ. “ಎಲ್ರೂ ಕಾಯ್ತಿದ್ದಾರೆ.”

ನಾನೂ ಕಾಯುತ್ತಿದ್ದೆ. ತಾಳ್ಮೆ ಕೆಟ್ಟು ಅವಳ ಬಾಯಿಗೆ ಆ ಮಾತನ್ನು ನಾನೇ ಹಾಕಿದೆ. ‘“ಹತ್ತು,” ಎಂದಳು ರೇಣುಕಾ’ ಎಂದು ಬರೆದೆ. ಓದಿ ನೋಡಿದೆ. ಅದು ಅವಳ ದನಿಯಾಗಿರಲಿಲ್ಲ, ನನ್ನದಾಗಿತ್ತು. ಹೊಡೆದು ಹಾಕಿ ಇನ್ನೊಮ್ಮೆ ಬರೆದೆ. ಆಗಲೂ ನನ್ನದೇ.

ಅವಳು ತಿರುಗಿ ನನ್ನನ್ನು ನೋಡಿದಳು. “ನೀವೂ ಅವರೂ ಒಂದ ಅಣ್ಣಾರ. ಅವರಿಗೆ ಫೋಟೊ ಬೇಕು, ನಿಮಗ ಕತಿ ಬೇಕು. ಇಬ್ಬರಿಗೂ ಆ ಹುಡುಗಿ ಮ್ಯಾಲ ಹೋಗಬೇಕು.”

ಆ ಮಾತನ್ನೂ ಹೊಡೆದು ಹಾಕಲು ಪೆನ್ನು ಎತ್ತಿದೆ. ಹಾಗೇ ಬಿಟ್ಟೆ.

ರೇಣುಕಾ ಪೂರ್ವಿಯ ಹತ್ತಿರ ಹೋಗಿ ಅವಳ ಸೊಂಟದ ಗಂಟು ಬಿಚ್ಚಿದಳು. “ಸಿಟ್ಟಾಗಬ್ಯಾಡ ತಂಗಿ. ನಾ ಇಲ್ಲೇ ನಿಂತರ ಹೆಂಗಾರ ಮಾಡಿ ನನ್ನ ಬಾಯಿಲೆ ‘ಹತ್ತು’ ಅನಸ್ತಾರ. ನಾ ಹೋದರ ಹಗ್ಗ ಹಿಡಿಯಾಕ ಯಾರೂ ಇಲ್ಲ.”

“ನಾನು ನಿನ್ನೆಯಿಂದ ಇದಕ್ಕೇ ಕಾದದ್ದು ಅಕ್ಕ,” ಎಂದಳು ಪೂರ್ವಿ. ಕಣ್ಣಲ್ಲಿ ನೀರಿತ್ತು, ಸಿಟ್ಟಿನದು.

“ಗೊತ್ತೈತಿ.”

“ಹೋದ್ರೆ ಮತ್ತೆ ಕೆಲಸಕ್ಕೆ ಬರೋದು ಬೇಡ,” ಎಂದ ಗೋಪಿನಾಥ.

“ಬರಂಗಿಲ್ರಿ.”

ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಕಾಲುದಾರಿ ಹಿಡಿದಳು.

ನಿಮಗೆ ಗೊತ್ತಾಗಬೇಕಿರುವುದು ಏನೆಂದು ನನಗೆ ಗೊತ್ತು. ಚಪ್ಪಡಿ ಬಿತ್ತೇ, ಇಲ್ಲವೇ? ಗೋಪಿನಾಥ ಹೇಗೋ ಹಗ್ಗ ಹಿಡಿದು ಹತ್ತಿಸಿದನೇ? ಬರೆಯುವುದಿಲ್ಲ. ಹಗ್ಗದ ತುದಿ ಹುಲ್ಲಿನ ಮೇಲೆ ಬಿದ್ದಿದೆ. ಗೋಪಿನಾಥ ಅದನ್ನೇ ನೋಡುತ್ತಾ ನಿಂತಿದ್ದಾನೆ. ಬಗ್ಗಲು ನಾನು ಬಿಡುವುದಿಲ್ಲ. ಪೂರ್ವಿಯ ಎರಡೂ ಕಾಲು ನೆಲದ ಮೇಲಿವೆ. ಎಷ್ಟು ಬೇಕಾದರೂ ಬೈಯಿರಿ, ಅವು ಅಲ್ಲೇ ಇರುತ್ತವೆ.

ಅವರನ್ನೆಲ್ಲ ಹಾಗೇ ನಿಲ್ಲಿಸಿ ನಾನು ರೇಣುಕಾ ಹಿಂದೆ ಡಾಂಬರು ರಸ್ತೆಯವರೆಗೆ ಓಡಿದೆ. “ಹಾರೆ ಕೊಡುತ್ತೇನೆ, ನಾಲ್ಕಲ್ಲ, ಎಂಟು ಆಳು ಕೊಡುತ್ತೇನೆ, ವಾಪಸ್ ಬಾ” ಎಂದೆ. ಲಿಂಗಂಪಲ್ಲಿಯ ಶೇರ್ ಆಟೊ ಬಂತು. ಅದರಲ್ಲಿ ಜಾಗವಿರಲಿಲ್ಲ. ಒಳಗಿದ್ದ ಹೆಂಗಸರು ಒತ್ತಿಕೊಂಡು ಜಾಗ ಮಾಡಿದರು. ಅವಳು ನನ್ನ ಕಡೆ ನೋಡದೆ ಹತ್ತಿ ಕೂತಳು.

ರಸ್ತೆ ಬದಿಯಲ್ಲಿ ಕಾದೆ. ಆಮೇಲೆ ಬಂದ ಯಾವ ಆಟೊದಿಂದಲೂ ಅವಳು ಇಳಿಯಲಿಲ್ಲ.