ಕಪ್ತಾನರ ಪಾಲಿಗೆ ಬಂದ ಉಪ್ಪು ಕಾಫಿ

ಪೆರಿಹಾನ್ ಅಬ್ಲಾ ಬೀನ್ಸಿನ ನಾರು ತೆಗೆಯುತ್ತಲೇ ತೀರ್ಪು ಕೊಟ್ಟುಬಿಟ್ಟಳು.

"ಹಾಗೆಲ್ಲ ಪೆಟ್ಟಿಗೆ ಎತ್ಕೊಂಡು ಹೊರಟುಬಿಡೋಕೆ ಇದೇನು ಬಸ್ ಸ್ಟ್ಯಾಂಡಾ? ನಮ್ಮ ಹುಡುಗ ಬೇಕು ಅಂದ್ರೆ ಕ್ರಮವಾಗಿ ಬಂದು ಕೇಳು. ಹೂವು ತಗೊಂಡು ಬಾ, ಚಾಕೊಲೇಟ್ ತಗೊಂಡು ಬಾ, ತಲೆ ನರೆತ ಹಿರಿಯರನ್ನ ಒಬ್ಬರನ್ನ ಕರ್ಕೊಂಡು ಬಾ. ನಿನ್ನ ಪರವಾಗಿ ಬಾಯಿಬಿಟ್ಟು ಕೇಳೋರು ಒಬ್ಬರೂ ಇಲ್ಲ ಅಂದ್ರೆ, ನಾಳೆ ನೀನು ನಮ್ಮವನ ಪರವಾಗಿ ಏನು ಬಾಯಿ ಬಿಡ್ತೀಯಾ?"

ಓಜಾನ್‌ನನ್ನು ತನ್ನ ಮನೆಗೆ ಕರೆದೊಯ್ಯಲು ಬಂದಿದ್ದ ಇಲ್ಕೆರ್ ನಕ್ಕ. ಅವಳು ನಗಲಿಲ್ಲ. ಅವನು ಓಜಾನ್‌ನ ಮುಖ ನೋಡಿದ. ಓಜಾನ್ ಬೀನ್ಸಿನ ಬುಟ್ಟಿಯೊಳಗೆ ಏನೋ ಕಳೆದುಹೋಗಿದೆ ಎನ್ನುವಂತೆ ತಲೆ ತಗ್ಗಿಸಿ ಕೂತಿದ್ದ.

"ಅಬ್ಲಾ ಹೂಂ ಅನ್ನದೆ ನಾನು ಬರಲ್ಲ ಇಲ್ಕೆರ್. ನಿನಗೆ ಗೊತ್ತಲ್ಲ."

ಗೊತ್ತಿತ್ತು. ಅಪ್ಪ ಮನೆಯಿಂದ ಆಚೆ ಹಾಕಿದಾಗ ಓಜಾನ್ ಒಂದು ಚೀಲ ಹಿಡಿದು ಇಸ್ತಾಂಬುಲ್‌ಗೆ ಬಂದು ಇಳಿದದ್ದೂ, ಕುರ್ತುಲುಶ್‌ನ ಈ ಮನೆಯ ಸೋಫಾ ಅವನಿಗೆ ಹಾಸಿಗೆಯಾದದ್ದೂ, ಕ್ಷೌರದ ಕತ್ತರಿ ಕೊಡಿಸಿ ಕೆಲಸಕ್ಕೆ ಹಚ್ಚಿದ್ದೂ ಎಲ್ಲ ಅಬ್ಲಾಳ ಪುಣ್ಯ. ಅವಳಿಗೂ ಹುಟ್ಟೂರಿನಲ್ಲಿ ಗಂಡುಮಗುವೆಂದು ಬೇರೆ ಹೆಸರಿಟ್ಟಿದ್ದರು. ಅವಳು ಆ ಹೆಸರನ್ನು ರೈಲಿನಲ್ಲೇ ಬಿಟ್ಟು ಇಳಿದು, ಪೆರಿಹಾನ್ ಎಂದು ತನಗೆ ತಾನೇ ನಾಮಕರಣ ಮಾಡಿಕೊಂಡು, ರಾತ್ರಿ ಕ್ಲಬ್ಬುಗಳಲ್ಲಿ ಹಾಡಿ ಈ ಮನೆ ಕೊಂಡವಳು. ಓಣಿಯ ಪಡ್ಡೆ ಹುಡುಗರಿಂದ ಹಿಡಿದು ಮೀನಿನ ಅಂಗಡಿಯವನವರೆಗೆ ಎಲ್ಲರಿಗೂ ಅವಳು ಅಬ್ಲಾ. ಅಕ್ಕ.

ಆಗ ಸೋಫಾದ ಮೂಲೆಯಿಂದ ಜೆಂಗಿಜ್ ಬಾಯಿ ಹಾಕಿದ. ಅವನು ಬಾರಿನ ವೇದಿಕೆಯ ಮೇಲೆ ಮಿಂಚಿನ ಲಂಗ ಉಟ್ಟು ಸೊಂಟ ಕುಣಿಸುತ್ತಿದ್ದವನು. ಬೇಯೊಗ್ಲುವಿನ ಆ ಬಾರ್ ಮುಚ್ಚಿ ಅಲ್ಲಿ ಕೋಳಿ ಡೋನರ್ ಅಂಗಡಿ ಬಂದಿತ್ತು. ಪ್ರೈಡ್ ಮೆರವಣಿಗೆಗಂತೂ ಆ ವರ್ಷವೂ ಅನುಮತಿ ಇರಲಿಲ್ಲ. ಹಾಗಾಗಿ ಊರಿನ ಸುದ್ದಿ, ಕುಣಿತ, ಜಗಳ, ರಾಜಿ ಎಲ್ಲವೂ ಈಗ ಅಬ್ಲಾಳ ಹಾಲ್‌ನಲ್ಲೇ.

"ನಮಗೂ ಒಂದು ಮದುವೆ ಬೇಕಪ್ಪಾ," ಅಂದ ಜೆಂಗಿಜ್. "ಎಷ್ಟು ದಿನ ಅಂತ ನೆಂಟರ ಮದುವೇಲಿ ಮೂಲೆ ಟೇಬಲಲ್ಲಿ ಕೂತು ಕೇಕ್ ತಿನ್ನೋದು? ನಾನು ನಮ್ಮ ಹುಡುಗನ ಸೋದರಮಾವ. ನನ್ನ ಸೂಟು ಇಸ್ತ್ರಿಗೆ ಕೊಡ್ತೀನಿ."

"ನೀನು ಸೂಟ್ ಹಾಕಿದ್ರೆ ನಿನ್ನ ಹೆತ್ತಮ್ಮನಿಗೂ ಗುರುತು ಸಿಗಲ್ಲ," ಅಂದಳು ಅಬ್ಲಾ.

ಹೂವಿಗೂ ಚಾಕೊಲೇಟಿಗೂ ಇಲ್ಕೆರ್‌ಗೆ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ತಲೆ ನರೆತವರದ್ದು. ಅವನ ಅಪ್ಪ ಚೋರುಮ್‌ನಲ್ಲಿ ಕಡಲೆ ಹುರಿಯುತ್ತ, ಮಗನಿಗೆ ಯಾವತ್ತು ಹುಡುಗಿ ನೋಡಲಿ ಎಂದು ಫೋನಿನಲ್ಲಿ ಕೇಳುತ್ತಿದ್ದರು. ಅವರನ್ನು ಕರೆಯುವ ಮಾತೇ ಇಲ್ಲ. ಗೆಳೆಯರಲ್ಲಿ ನರೆತವನು ಒಬ್ಬನೇ ಇದ್ದ, ಅವನೂ ಕೂದಲಿಗೆ ಬಣ್ಣ ಹಚ್ಚಿಕೊಂಡು ಮೂವತ್ತರ ಮೇಲೆ ಒಂದು ದಿನವೂ ಒಪ್ಪುತ್ತಿರಲಿಲ್ಲ.

ಉಳಿದವರು ಫೆರಿದುನ್ ಕಪ್ತಾನರು.

ಕಪ್ತಾನರು ಇಲ್ಕೆರ್‌ನ ಕೆಳಗಿನ ಮನೆಯವರು. ಜೀವಮಾನವಿಡೀ ಈ ದಡದಿಂದ ಆ ದಡಕ್ಕೆ ಫೆರ್ರಿ ನಡೆಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಇಲ್ಕೆರ್ ಕನ್ನಡಕದ ಅಂಗಡಿಯಲ್ಲಿ ಕೆಲಸ ಮುಗಿಸಿ ಬಂದನೆಂದರೆ ಮೆಟ್ಟಿಲ ಬಳಿಯೇ ಹಿಡಿದು, "ಬಾ ಮಗಾ, ಸೋಲೋಕೆ ಬಾ," ಎಂದು ಪಗಡೆಯಂಥ ತವ್ಲಾ ಆಟದ ಹಲಗೆ ಬಿಚ್ಚುತ್ತಿದ್ದರು. ದಾಳ ಉರುಳಿಸುತ್ತ, ಚಹಾ ಹೀರುತ್ತ, ಇಬ್ಬರೂ ಒಬ್ಬರಿಗೊಬ್ಬರು ಬೈದುಕೊಳ್ಳುತ್ತ ಸಂಜೆ ಕಳೆಯುತ್ತಿತ್ತು. ಊರಲ್ಲಿ ಇಲ್ಕೆರ್‌ಗೆ ಅಪ್ಪನಂತಿದ್ದವರು ಅವರೊಬ್ಬರೇ. ಅದಕ್ಕೇ ಅವರಿಗೆ ಏನೂ ಗೊತ್ತಿರಲಿಲ್ಲ.

ಆ ಸಂಜೆ ಅವನು ಎದೆ ಗಟ್ಟಿ ಮಾಡಿಕೊಂಡು ಶುರು ಮಾಡಿದ.

"ಕಪ್ತಾನ್, ನನ್ನ ಪರವಾಗಿ ಒಂದು ಮನೆಗೆ ಕೇಳೋಕೆ ಬರ್ತೀರಾ?"

ಕಪ್ತಾನರ ಕೈಯಲ್ಲಿದ್ದ ದಾಳ ಕೆಳಗೆ ಬಿತ್ತು.

"ಹುಡುಗಿ ಕೇಳೋಕಾ? ಕೊನೆಗೂ! ಲೋ ಕಳ್ಳ, ನನ್ನ ತಮ್ಮನ ಮಗಳ ಫೋಟೋ ತೋರಿಸಿದಾಗ ಕಣ್ಣು ನೋವು ಅಂತ ಹೇಳಿದ್ದು ಇದಕ್ಕಾ? ಏನು ಕೆಲಸ ಮಾಡ್ತಾಳೆ?"

"ಸಲೂನಲ್ಲಿ. ಕೂದಲು ಕತ್ತರಿಸೋದು."

"ಒಳ್ಳೇದು, ಕೈಯಲ್ಲಿ ಕಸುಬಿದೆ. ಮನೇಲಿ ಯಾರಿದಾರೆ?"

"ಅಕ್ಕ ಅನ್ನೋರು ಒಬ್ಬರಿದಾರೆ. ಅವರೇ ಎಲ್ಲ. ಕಪ್ತಾನ್, ಇನ್ನೊಂದು ವಿಷಯ ಹೇಳಬೇಕಿತ್ತು..."

"ಏನೂ ಹೇಳ್ಬೇಡ! ಶೂ ಪಾಲಿಶ್ ಮಾಡಿಸ್ತೀನಿ. ಸೊಸೆ ಬರ್ತಾ ಇದಾಳೆ ಮನೆಗೆ!"

ಮುದುಕರ ಮುಖ ಹಾಗೆ ಬೆಳಗಿದ್ದನ್ನು ಇಲ್ಕೆರ್ ಎಂದೂ ನೋಡಿರಲಿಲ್ಲ. ನಾಳೆ ಹೇಳೋಣ ಅಂದುಕೊಂಡ. ಮರುದಿನ ಕಪ್ತಾನರು ಹೊಸ ಟೈ ತಂದು ತೋರಿಸಿದರು. ನಾಡಿದ್ದು ಹೇಳೋಣ ಅಂದುಕೊಂಡ. ಅಷ್ಟರಲ್ಲಿ ಕೇಳಲು ಹೋಗುವ ಭಾನುವಾರ ಬಂದೇಬಿಟ್ಟಿತು. ಟ್ಯಾಕ್ಸಿಯಲ್ಲಿ ಕೂತು, ತೊಡೆಯ ಮೇಲೆ ಹೂಗುಚ್ಛ ಇಟ್ಟುಕೊಂಡು, ಕಪ್ತಾನರು ಕೇಳಬೇಕಾದ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಮೆಟ್ಟಿಲ ಮೇಲೆ ಖಂಡಿತ ಹೇಳುತ್ತೇನೆ ಅಂತ ಇಲ್ಕೆರ್ ನಿರ್ಧರಿಸಿದ. ಮೆಟ್ಟಿಲ ತಲೆಯಲ್ಲಿ ಅಬ್ಲಾ ಬಾಗಿಲು ತೆರೆದುಕೊಂಡೇ ನಿಂತಿದ್ದಳು.

ಅಬ್ಲಾ ಅಂದು ಕಡುನೀಲಿ ವೆಲ್ವೆಟ್ ಉಟ್ಟಿದ್ದಳು. ಕಪ್ತಾನರು ಟೋಪಿ ತೆಗೆದು ಬಾಗಿದರು.

"ದಯಮಾಡಿಸಿ ಕಪ್ತಾನ್ ಬೇ. ಬಡವರ ಮನೆ."

"ಬಡವರ ಮನೇಲಿ ಇಂಥ ದೀಪ ಉರಿಯುತ್ತಾ ಪೆರಿಹಾನ್ ಹನುಮ್?" ಎಂದು ಅವರೂ ಅಮ್ಮಾವ್ರೇ ಎನ್ನುವ ಮರ್ಯಾದೆಯ ಹನುಮ್ ಸೇರಿಸಿದರು.

ಎಲ್ಲರೂ ಕೂತರು. ಅಬ್ಲಾಳ ಬೆಕ್ಕು ನೇರವಾಗಿ ಕಪ್ತಾನರ ಪಾಲಿಶ್ ಶೂಗಳ ಮೇಲೆ ಹೋಗಿ ಮಲಗಿತು. ಬೂದು ಸೂಟಿನಲ್ಲಿ ಬ್ಯಾಂಕ್ ಮ್ಯಾನೇಜರನಂತೆ ಕಾಣುತ್ತಿದ್ದ ಜೆಂಗಿಜ್ ಹವೆಯ ಬಗ್ಗೆ ಮಾತಾಡಿದ. ಕಪ್ತಾನರು ಗಾಳಿಯ ಬಗ್ಗೆ ಮಾತಾಡಿದರು. ನಡುನಡುವೆ ಅವರ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಗಿ ಬರುತ್ತಿತ್ತು.

"ಹುಡುಗಿ ನಾಚ್ಕೊಂಡಿರಬೇಕು," ಎಂದು ಇಲ್ಕೆರ್‌ನ ಕಿವಿಯಲ್ಲಿ ಉಸುರಿ ಕಣ್ಣು ಮಿಟುಕಿಸಿದರು.

ಅಡುಗೆಮನೆಯಲ್ಲಿ ಓಜಾನ್ ಕಾಫಿ ಕಾಸುತ್ತಿದ್ದ. ಕೇಳಲು ಬಂದವರಿಗೆ ಕಾಫಿ ಮಾಡಿ ತರುವುದು ಕೊಡುವ ಕಡೆಯವರ ಕೆಲಸ, ಅದರಲ್ಲಿ ವರನ ಕಪ್ಪಿಗೆ ಮಾತ್ರ ಸಕ್ಕರೆ ಬದಲು ಉಪ್ಪು. ಮುಖ ಕಿವುಚದೆ ಕುಡಿದನೆಂದರೆ ಗಂಡ ಒಳ್ಳೆಯವನು ಅಂತ ಲೆಕ್ಕ. ಓಜಾನ್ ಎರಡು ಚಮಚ ಉಪ್ಪು ಹಾಕಿದ, ಮೆಣಸಿನಪುಡಿ ಹಾಕಿದ, ಇಷ್ಟು ವರ್ಷದ ಕಾತರವೂ ಸೇರಿತೋ ಏನೋ ಇನ್ನೊಂದು ಚಮಚ ಉಪ್ಪು ಹಾಕಿದ. ಆ ಕಪ್ಪನ್ನು ತಟ್ಟೆಯ ಬಲಗಡೆ ಇಟ್ಟುಕೊಂಡು, ಬಿಳಿ ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿಕೊಂಡು, ಹೊರಗೆ ಬಂದ.

"ಬಾ ಮಗಾ, ಬಾ," ಅಂದರು ಕಪ್ತಾನರು ಪ್ರೀತಿಯಿಂದ. "ನೀನು ಹುಡುಗಿಯ ತಮ್ಮನಾ?"

ಜೆಂಗಿಜ್‌ನ ಬಾಯಲ್ಲಿದ್ದ ಚಾಕೊಲೇಟ್ ಅಲ್ಲೇ ನಿಂತಿತು. ಅಬ್ಲಾಳ ಒಂದು ಹುಬ್ಬು ಮೆಲ್ಲಗೆ ಮೇಲಕ್ಕೇರಿ, ಇಲ್ಕೆರ್‌ನ ಮೇಲೆ ಬಂದು ಕೂತಿತು. ಓಜಾನ್ ಇಲ್ಕೆರ್‌ನನ್ನು ನೋಡಿದ. ಹೇಳಿಲ್ವಾ ಎಂದು ಕೇಳುವ ಕಣ್ಣು. ಅವನು ತಿರುಗಿದ ರಭಸಕ್ಕೆ ಕೈಯಲ್ಲಿದ್ದ ತಟ್ಟೆಯೂ ಅರ್ಧ ಸುತ್ತು ತಿರುಗಿತು, ಕಪ್ತಾನರು ಎದುರಿಗೆ ಬಂದ ಕಪ್ಪನ್ನು ಎತ್ತಿಕೊಂಡರು. ತಡೆಯಬೇಕೆಂದು ಯಾರಿಗೂ ಹೊಳೆಯುವ ಮೊದಲೇ ಒಂದು ದೊಡ್ಡ ಗುಟುಕು ಒಳಗಿಳಿದಿತ್ತು.

ಇಲ್ಕೆರ್ ತನ್ನ ಪಾಲಿನದನ್ನು ಕುಡಿದ. ಸಕ್ಕರೆ ಹದವಾಗಿತ್ತು. ಅಷ್ಟು ಕೆಟ್ಟ ಸಿಹಿಯನ್ನು ಅವನು ಜೀವಮಾನದಲ್ಲಿ ನುಂಗಿರಲಿಲ್ಲ.

ಕಪ್ತಾನರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಯಾಯಿತು. ಮೀಸೆ ಒಂದು ಸಲ ಅದುರಿತು. ಕಪ್ಪಿನೊಳಗೆ ನೋಡಿದರು. ತಟ್ಟೆ ಹಿಡಿದು ನಿಂತವನನ್ನು ನೋಡಿದರು. ಅಡುಗೆಮನೆಯ ಬಾಗಿಲನ್ನು ನೋಡಿದರು, ಅದರೊಳಗಿಂದ ಇನ್ನು ಯಾರೂ ಬರುವ ಹಾಗಿರಲಿಲ್ಲ. ಕೊನೆಗೆ ಇಲ್ಕೆರ್‌ನನ್ನು ನೋಡಿದರು.

"ಇದು ನನ್ನ ಕಪ್ ಅಲ್ಲ," ಅಂದರು. "ತಗೋ. ನಿನ್ನ ಪಾಲಿಂದು ನೀನೇ ಕುಡಿ."

ಇಲ್ಕೆರ್ ತೆಗೆದುಕೊಂಡು ಕುಡಿದ. ತಳದ ಗಷ್ಟು ಸಮೇತ ಕುಡಿದ. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ಕಿವುಚಲಿಲ್ಲ. ಕಪ್ತಾನರು ಬೆಕ್ಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಎದ್ದು, ಟೋಪಿ ಕೈಗೆತ್ತಿಕೊಂಡರು.

"ಹೊರಟ್ರಾ ಕಪ್ತಾನ್ ಬೇ?" ಅಬ್ಲಾಳ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಇಂಥ ಬೆನ್ನುಗಳನ್ನು ಅವಳು ಬೇಕಾದಷ್ಟು ನೋಡಿದ್ದಳು.

"ಹೊರಟೆ ಹನುಮ್. ಏನು ಕೇಳೋಕೆ ಬಂದಿದೀನಿ ಅಂತ ನನಗೇ ಗೊತ್ತಿಲ್ಲದ ಮೇಲೆ ಏನಂತ ಕೇಳ್ಲಿ?" ಇಲ್ಕೆರ್‌ನ ಕಡೆ ತಿರುಗಿದರು. "ಅವನು ಹುಡುಗ ಅನ್ನೋದಕ್ಕಲ್ಲ. ಅದಕ್ಕೆ ನನಗೆ ಏನನ್ನಿಸ್ತು ಅಂತ ನಾನಿನ್ನೂ ನೋಡ್ಕೊಂಡೇ ಇಲ್ಲ, ಬಾಯೆಲ್ಲ ಉಪ್ಪು. ಆದ್ರೆ ನನ್ನ ಕನ್ನಡಕ ನೀನೇ ಮಾಡ್ಕೊಟ್ಟು, ನನ್ನನ್ನ ಕುರುಡನ ಥರ ಕರ್ಕೊಂಡು ಬಂದೆಯಲ್ಲೋ."

ಬಾಗಿಲವರೆಗೂ ಹೋದರು. ಜೆಂಗಿಜ್ ಇಲ್ಕೆರ್‌ನ ಪಕ್ಕೆಗೆ ತಿವಿದ. "ಲೋ, ಕಲ್ಲಾಗಿ ಕೂತ್ಕೋಬೇಡ. ಬಾಯಿ ಬಿಡು!"

ಇಲ್ಕೆರ್ ಎದ್ದ.

"ಕಪ್ತಾನ್. ಇವನು ಓಜಾನ್. ನನ್ನ ತಮ್ಮನೂ ಅಲ್ಲ, ಯಾವ ಹುಡುಗಿಯ ತಮ್ಮನೂ ಅಲ್ಲ. ನಾನು ಇವನನ್ನೇ ಪ್ರೀತಿಸ್ತೀನಿ. ಇವನನ್ನೇ ಕೇಳೋಕೆ ಬಂದದ್ದು." ಉಸಿರೆಳೆದುಕೊಂಡ. "ಹೇಳ್ಬೇಕು ಅಂತ ದಿನಾ ಅಂದ್ಕೊಂಡೆ. ನೀವು ಎದ್ದು ಹೋಗ್ತೀರಿ ಅಂತ ಭಯ ಆಯ್ತು. ನೀವು ಎದ್ದು ಹೋದ್ರೆ ಅಬ್ಲಾ ಇವನನ್ನ ಕೊಡಲ್ಲ. ಸಂಜೆ ಸೋಲೋಕೆ ನನಗೆ ಮನೇನೂ ಇರಲ್ಲ. ತಪ್ಪಾಯ್ತು. ಈಗ ಹೇಳಿದೀನಿ. ಇರೋದಾದ್ರೆ ಇರಿ."

ಕಪ್ತಾನರು ಬಾಗಿಲ ಹಿಡಿ ಬಿಟ್ಟು ತಿರುಗಿದರು. ಓಜಾನ್ ತಟ್ಟೆಯನ್ನು ಎದೆಗವಚಿಕೊಂಡಿದ್ದ.

"ಮೊದಲು ಒಂದು ಲೋಟ ನೀರು ಕೊಡಿ ಯಾರಾದ್ರೂ," ಅಂದರು. "ಬಾಯಿ ಮರ್ಮರಾ ಸಮುದ್ರ ಆಗಿದೆ. ಎಷ್ಟು ಉಪ್ಪು ಹಾಕಿದೀಯೋ ಮಹಾರಾಯ!"

"ಮೂರು ಚಮಚ," ಅಂದ ಓಜಾನ್ ಪಿಸುದನಿಯಲ್ಲಿ.

"ಮೂರು! ನನ್ನ ಹೆಂಡತಿ ಒಂದೇ ಹಾಕಿದ್ಲು. ನೀನು ಇವನನ್ನ ಮದುವೆ ಆಗ್ತೀಯೋ, ಉಪ್ಪಿನಕಾಯಿ ಹಾಕ್ತೀಯೋ?"

ನೀರು ಕುಡಿದು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತರು. ಟೈ ಸರಿಮಾಡಿಕೊಂಡರು. ದೇವರ ಅಪ್ಪಣೆಯೊಂದಿಗೆ ಎಂದು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಇಲ್ಲಿ ಆ ಮಾತು ಹೊಂದುತ್ತದೋ ಇಲ್ಲವೋ ಎಂದು ಅನುಮಾನದಿಂದ ಅಬ್ಲಾಳ ಮುಖ ನೋಡಿದರು.

"ಹೇಳಿ, ಹೇಳಿ," ಅಂದಳು ಅಬ್ಲಾ. "ನಮ್ಮನ್ನೂ ಅವನೇ ಮಾಡಿದ್ದು."

"ದೇವರ ಅಪ್ಪಣೆಯೊಂದಿಗೆ, ನಿಮ್ಮ ಓಜಾನ್‌ನ ನಮ್ಮ ಇಲ್ಕೆರ್‌ಗೆ ಕೇಳ್ತಾ ಇದೀನಿ ಹನುಮ್."

ಕೇಳಿದ ಕೂಡಲೇ ಕೊಟ್ಟರೆ ಕೊಡುವ ಕಡೆಯವರಿಗೆ ಮಾನವೆಲ್ಲಿ? ಅಬ್ಲಾ ಬಳೆ ಸರಿಸುತ್ತ ಚಾವಣಿ ನೋಡಿದಳು. "ಯೋಚನೆ ಮಾಡಬೇಕು. ನಮ್ಮ ಹುಡುಗನಿಗೆ ಅನ್ನ ಮಾಡೋಕೆ ಬರಲ್ಲ."

"ನಮ್ಮವನಿಗೆ ಮೊಟ್ಟೆ ಬೇಯಿಸೋಕೂ ಬರಲ್ಲ. ಸರಿಹೋಯ್ತಲ್ಲ."

"ಮುಂಗೋಪ ಇದೆ."

"ಇವನಿಗೆ ತವ್ಲಾ ಆಡೋಕೆ ಬರಲ್ಲ. ಅದಕ್ಕಿಂತ ದೊಡ್ಡ ಕೊರತೆ ಏನಿದೆ?"

ಜೆಂಗಿಜ್ ಸೋದರಮಾವನ ಗಾಂಭೀರ್ಯ ಮರೆತು ಕಿಸಕ್ಕೆಂದು ನಕ್ಕ. ಅಬ್ಲಾ ನಗಲಿಲ್ಲ. ಅವಳು ಮುಂದಕ್ಕೆ ಬಾಗಿದಳು, ದನಿ ತಗ್ಗಿಸಿದಳು.

"ಇದೊಂದು ತಮಾಷೆಯ ಮಾತಲ್ಲ ಕಪ್ತಾನ್ ಬೇ. ಇವರಿಗೆ ಕಾಗದ ಇಲ್ಲ, ಮುದ್ರೆ ಇಲ್ಲ. ನಾಳೆ ಮನೆ ಓನರ್ ಗಲಾಟೆ ಮಾಡಿದ್ರೆ, ಇವನಪ್ಪ ಬಂದು ಬಾಗಿಲು ಬಡಿದ್ರೆ, ಯಾರಿದಾರೆ? ನಾನು ಹಿರಿಯರನ್ನ ಕರ್ಕೊಂಡು ಬಾ ಅಂದದ್ದು ಚಾಕೊಲೇಟಿಗಲ್ಲ."

ಕಪ್ತಾನರು ಉತ್ತರಕ್ಕೆ ಹುಡುಕಾಡಲಿಲ್ಲ.

"ನಾನು ಕೆಳಗಿನ ಮನೇಲಿರೋನು ಹನುಮ್. ಅವರ ಬಾಗಿಲಿಗೆ ಹೋಗ್ಬೇಕು ಅಂದ್ರೆ ನನ್ನ ಬಾಗಿಲು ದಾಟಬೇಕು. ಮುದುಕ ನಾನು, ನಿದ್ದೆ ಕಮ್ಮಿ, ದನಿ ಮಾತ್ರ ಇನ್ನೂ ಹಡಗಿನದ್ದೇ. ಒಂದು ಸಲ ಕೂಗಿದ್ರೆ ಇಡೀ ಬೀದಿ ಕಿಟಕಿ ತೆಗೆಯುತ್ತೆ."

ಅಬ್ಲಾ ಅವರನ್ನೇ ನೋಡಿದಳು. ಆಮೇಲೆ ಓಜಾನ್‌ನನ್ನು ಕರೆದು, ಅವನ ಕಾಲರಿನ ಗುಂಡಿ ಬಿಚ್ಚಿ, ಉಸಿರಾಡೋ ಎಂದು ಗದರಿದಳು.

"ಕೊಟ್ಟೆ," ಅಂದಳು. "ಎತ್ಕೊಂಡು ಹೋಗಿ."

ಜೆಂಗಿಜ್ ಬಾಯಿಗೆ ಕೈ ಅಡ್ಡ ಹಿಡಿದು ಹಾಕಿದ ಮದುವೆಯ ಕೇಕೆಗೆ ಬೆಕ್ಕು ಪರದೆಯ ತುದಿಗೆ ಏರಿತು. ಇಲ್ಕೆರ್ ಮತ್ತು ಓಜಾನ್ ಬಗ್ಗಿ ಮೊದಲು ಅಬ್ಲಾಳ ಕೈಗೆ, ಆಮೇಲೆ ಕಪ್ತಾನರ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡರು. ಕಪ್ತಾನರಿಗೆ ಗೊತ್ತಿದ್ದದ್ದು ಒಂದೇ ಆಶೀರ್ವಾದ. ಅವರ ಮದುವೆಯಲ್ಲಿ ಅವರಿಗೆ ಸಿಕ್ಕಿದ್ದೂ ಅದೇ.

"ಒಂದೇ ದಿಂಬಿನ ಮೇಲೆ ಇಬ್ಬರೂ ಮುದುಕರಾಗಿ ಮಕ್ಕಳಾ."

ಅಬ್ಲಾ ಸೆರಗಿಲ್ಲದ ವೆಲ್ವೆಟ್ಟಿನಲ್ಲಿ ಕಣ್ಣೊರೆಸಲು ಏನೂ ಸಿಗದೆ ಜೆಂಗಿಜ್‌ನ ಟೈ ಎಳೆದುಕೊಂಡಳು.

"ಒಂದೇ ದಿಂಬು ಸಾಕಾಗಲ್ಲ ಕಪ್ತಾನ್ ಬೇ," ಎಂದಳು ಮೂಗೊರೆಸಿಕೊಳ್ಳುತ್ತ. "ನಮ್ಮವನ ಗೊರಕೆ ನೀವು ಕೇಳಿಲ್ಲ. ಗೋಡೆ ಬಿರುಕು ಬಿಟ್ಟಿದೆ ನೋಡಿ ಅಲ್ಲಿ."

ಕಪ್ತಾನರು ಗೋಡೆ ನೋಡಿದರು. ಮೆಲ್ಲಗೆ ಇಲ್ಕೆರ್‌ನ ಕಡೆ ತಿರುಗಿದರು.

"ನನ್ನ ಮಂಚ ನಿನ್ನ ಕೋಣೆಯ ಸರಿಯಾಗಿ ಕೆಳಗಿದೆ ಕಣೋ! ಇದನ್ನೂ ಹೇಳಿಲ್ವಲ್ಲೋ ಕಳ್ಳ!"