ಇಪ್ಪತ್ತೇಳನೇ ನಂಬರಿನ ಸಂದರ್ಶನ

ಕೊರಿಯಾದ ಡೇಜಾನ್‌ನ ಆ ಕಾಲೇಜಿನ ಸಂದರ್ಶನದಲ್ಲಿ, ಪಕ್ಷಪಾತ ಆಗಬಾರದೆಂದು, ನನ್ನ ಹೆಸರು, ಶಾಲೆ, ಅಪ್ಪ ಅಮ್ಮನ ಕೆಲಸ ಯಾವುದನ್ನೂ ಬಾಯಿಬಿಡುವಂತಿರಲಿಲ್ಲ. ಬಿಟ್ಟರೆ ಕಂಪ್ಯೂಟರ್ ಸೀಟು ಕೈತಪ್ಪಿದಂತೆಯೇ. ನಾನು ಬರೀ ಇಪ್ಪತ್ತೇಳನೇ ನಂಬರು.

"ಗಣಿತದಲ್ಲಿ ಒಂದನೇ ದರ್ಜೆ. ಹೈಸ್ಕೂಲಿನ ಎರಡನೇ ವರ್ಷ ಮಿಕ್ಕಿದ್ದೆಲ್ಲ ಒಂಬತ್ತರಲ್ಲಿ ಏಳನೇ ದರ್ಜೆಗೆ ಬಿದ್ದಿದೆ. ಏನಮ್ಮ, ಕ್ಲಾಸಲ್ಲಿ ನಿದ್ದೆ ಮಾಡ್ತಿದ್ಯಾ?" ಎಂದರು ದಪ್ಪ ಕನ್ನಡಕದ ಪ್ರೊಫೆಸರು.

"ಪ್ರೋಗ್ರಾಂ ಬರೀತಿದ್ದೆ ಸರ್. ಪಾರ್ಸೆಲ್‌ಗಳನ್ನ ಯಾವ ಮನೆಗೆ ಮೊದಲು ಕೊಡಬೇಕು ಅಂತ ಹೇಳೋದು. ಸರಿಯಾಗಿದ್ಯಾ ಅಂತ ನೋಡೋಕೆ ದಿನಾ ವ್ಯಾನಲ್ಲಿ ಹೋಗ್ತಿದ್ದೆ."

"ಯಾರ ವ್ಯಾನು?"

ಅಮ್ಮನದು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಪಕ್ಕದಲ್ಲಿದ್ದ ಪ್ರೊಫೆಸರಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ಮೊಣಕಾಲು ನೋವಿರೋ ಒಬ್ರದ್ದು ಸರ್. ನಕ್ಷೇಲಿ ಹತ್ತಿರ ಇದ್ದ ಮನೆಗಳೇ ಅವರಿಗೆ ದೂರ ಆಗ್ತಿದ್ವು, ಲಿಫ್ಟ್ ಇರ್ಲಿಲ್ಲ. ಅದಕ್ಕೆ ಒಂದೊಂದು ಮಹಡೀನೂ ಇನ್ನೂರು ಮೀಟರ್ ಅಂತ ಲೆಕ್ಕ ಹಾಕ್ದೆ."

"ಇನ್ನೂರೇ ಯಾಕೆ?"

"ಮೊದಲು ನೂರು ಹಾಕಿದ್ದೆ. ಸರಿಯಾಗಿ ಬೈಸ್ಕೊಂಡೆ."

ಪ್ರೊಫೆಸರಮ್ಮ ನಕ್ಕುಬಿಟ್ಟರು. ಕನ್ನಡಕದವರು ನಗಲಿಲ್ಲ. ಯಾರು ಬೈದರೆಂದು ಕೇಳಲೂ ಇಲ್ಲ. ಗೋಡೆಯ ಬೋರ್ಡಿನತ್ತ ಕೈ ತೋರಿಸಿ, "ಇನ್ನೂ ನಾಲ್ಕು ನಿಮಿಷ ಇದೆ. ಆ ಲೆಕ್ಕ ಬರೆದು ತೋರಿಸು," ಎಂದರು.