ನಲವತ್ತೊಂದು ಸುಳ್ಳು ನಕ್ಷತ್ರ

ಸಂಜೆ ನಾಲ್ಕಕ್ಕೆ ಸಂಜೆಮನೆಯ ಬಾಗಿಲು ತೆರೆದರೆ ಸಾಕು, ಮೂವತ್ತು ಮಕ್ಕಳು ಹೋ ಎಂದು ಒಳನುಗ್ಗುತ್ತಾರೆ. ಅಪ್ಪ ಅಮ್ಮ ಕೆಲಸ ಮುಗಿಸಿ ಬರುವ ತನಕ ಅಲ್ಲಿ ಹೋಂವರ್ಕು, ತಿಂಡಿ, ಆಟ ಎಲ್ಲ ಪುಕ್ಕಟೆ. ಬೀದಿಯವರೇ ಕೂಡಿ ನಡೆಸುವ ಮನೆ ಅದು. ಕಿಟಕಿ ಪಕ್ಕ ಚೆಸ್ ಹಲಗೆ ಹಾಸಿಕೊಂಡು ಕೂರುವವನು ಬಸ್ ತಾತ. ಮೂವತ್ತೈದು ವರ್ಷ ಬಸ್ಸು ಓಡಿಸಿದ ಆಸಾಮಿ, ಮನೆಯಲ್ಲಿ ಕೂತು ತುಕ್ಕು ಹಿಡಿಯುವ ಬದಲು ಇಲ್ಲಿಗೆ ಬರುತ್ತಿದ್ದ.

ತಾತನಿಗೊಂದು ಚಾಳಿ. ಮಕ್ಕಳ ಮುಖ ಬಾಡಿದರೆ ಅವನ ಕರುಳು ಚುರುಕ್ ಎನ್ನುತ್ತಿತ್ತು, ಹಾಗಾಗಿ ಬೇಕಂತಲೇ ಸೋಲುತ್ತಿದ್ದ. ಅದರಲ್ಲೂ ನರ್ಸಮ್ಮನ ಹತ್ತು ವರ್ಷದ ಮಗಳು ಮೆಣಸಿನಕಾಯಿಗೆ. ಹೆಸರಿಟ್ಟವರು ಅಳತೆ ನೋಡಿಯೇ ಇಟ್ಟಿದ್ದರು: ಪುಟ್ಟದು, ಖಾರ ಜಾಸ್ತಿ. "ಅಯ್ಯಯ್ಯೋ, ನನ್ನ ರಾಣಿ ಹೋದ್ಲಲ್ಲೇ!" ಎಂದು ತಾತ ಹಣೆ ಚಚ್ಚಿಕೊಂಡಾಗಲೆಲ್ಲ ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ನಕ್ಷತ್ರ ಬರೆಯುತ್ತಿದ್ದಳು. ಈಗ ನಲವತ್ತೊಂದು ನಕ್ಷತ್ರ ತುಂಬಿದ್ದವು.

ಸೋಮವಾರ ಸಂಜೆಮನೆಯ ಟೀಚರಮ್ಮ ಕುಣಿಯುತ್ತಾ ಬಂದರು. "ಶನಿವಾರ ಬೇರೆ ಬೀದಿಗಳ ಮಕ್ಕಳ ಜೊತೆ ಚೆಸ್ ಪಂದ್ಯ. ಮೆಣಸಿನಕಾಯಿ ಹೆಸರು ಕೊಟ್ಬಿಟ್ಟೆ. ಒಂದಾಟಾನೂ ಸೋತಿಲ್ವಂತಲ್ಲ!"

"ಅಮ್ಮ ಡ್ಯೂಟಿ ಬದಲಾಯಿಸ್ಕೊಂಡು ನೋಡೋಕೆ ಬರ್ತಾಳೆ," ಎಂದಳು ಹುಡುಗಿ.

ಕೂಸನ್ನು ಅಷ್ಟು ಜನರ ಮುಂದೆ, ಹೆತ್ತ ತಾಯಿಯ ಮುಂದೆ ಮುಗ್ಗರಿಸಲು ಕಳಿಸುವುದೇ? ತಾತನಿಗೆ ತನ್ನ ಮೇಲೇ ಅಸಹ್ಯವಾಯಿತು. ಕಾಯಿ ಜೋಡಿಸಿ, ಹದಿನಾಲ್ಕೇ ನಡೆಯಲ್ಲಿ ಅವಳನ್ನು ಸೋಲಿಸಿದ.

"ಇಷ್ಟು ದಿನ ಬೇಕಂತಲೇ ಸೋತೆ, ಪುಟ್ಟಿ. ತಪ್ಪು ನಂದು."

"ನಲವತ್ತೊಂದು ಸಲಾನೂ?"

"ಹೂಂ."

"ಸುಳ್ಳುಬುರುಕ!" ಹುಡುಗಿ ಕಾಗದ ಕತ್ತರಿಸುವ ಮೇಜಿಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ಅಂದು ರಾತ್ರಿ ತಾತನಿಗೆ ಊಟ ಸೇರಲಿಲ್ಲ.

ಮಂಗಳವಾರ ಅವಳೇ ಬಂದು ಹಲಗೆಯನ್ನು ದಢಾರನೆ ಮೇಜಿನ ಮೇಲಿಟ್ಟಳು. ನಕ್ಷತ್ರಗಳನ್ನೆಲ್ಲ ಅಳಿಸಿದ್ದಳು, ಪುಟ ಬೂದುಗಟ್ಟಿತ್ತು. "ಇನ್ನೊಂದ್ಸಲ ಬೇಕಂತ ಸೋತ್ರೆ ಮಾತು ಬಿಡ್ತೀನಿ, ನೋಡು!"

ಅಂದು ನಾಲ್ಕು ಸಲ ಸೋತಳು. ಬುಧವಾರ ಐದು. ಗುರುವಾರ ಮೂರೇ, ಏಕೆಂದರೆ ಒಂದೊಂದು ಆಟವೂ ಎಳೆದಾಡಿಕೊಂಡು ಹೋಯಿತು. ತಾತ ಬಸ್ಸಿನ ಬ್ರೇಕು ಒತ್ತುವವನಂತೆ ಮೇಜಿನಡಿ ಕಾಲು ಒತ್ತತೊಡಗಿದ.

ಶುಕ್ರವಾರ ಅವಳ ಕುದುರೆ ಎಲ್ಲಿಂದಲೋ ಹಾರಿ ಬಂದು ತಾತನ ರಾಜನಿಗೂ ರಾಣಿಗೂ ಒಟ್ಟಿಗೇ ಕುತ್ತು ತಂದಿತು. ಮುಂದಿನ ಆರು ನಡೆಗಳಲ್ಲಿ ಆಟ ಮುಗಿದೇ ಹೋಯಿತು.

ಅವಳು ಕುಣಿಯಲಿಲ್ಲ. ಕಣ್ಣು ಕಿರಿದು ಮಾಡಿದಳು. "ಬೇಕಂತ ತಾನೆ?"

"ಇಲ್ಲ ಕಣೇ, ನಿನ್ನಾಣೆ!"

"ನಿನ್ನ ಆಣೆ ಯಾರಿಗ್ ಬೇಕು?"

ಅವಳ ಪ್ರಶ್ನೆ ತಾತನ ತಲೆಗೆ ಸರಿಯಾಗಿ ಹೋಗಿರಲಿಲ್ಲ. ಅವನ ದೃಷ್ಟಿಯೆಲ್ಲ ಆ ಹಾಳು ಕುದುರೆಯ ಮೇಲೆ. ಕಿವಿ ಕೆಂಪಗಾಗಿತ್ತು.

"ಇದು ಯಾವಾಗ ಬಂತು ಇಲ್ಲಿಗೆ? ಲೈಟು ಸರಿಯಿಲ್ಲ ಇಲ್ಲಿ. ಈ ದರಿದ್ರ ಕುರ್ಚಿ ಬೇರೆ ಅಲ್ಲಾಡ್ತಿದೆ, ಮನುಷ್ಯ ಯೋಚನೆ ಮಾಡೋದಾದ್ರೂ ಹೇಗೆ? ಕೂತ್ಕೋ, ಇನ್ನೊಂದಾಟ!"

"ಅಮ್ಮ ಬಂದ್ಲು, ತಾತ."

"ಬರ್ಲಿ! ಕಾಯ್ಲಿ! ನಾನೇನ್ ಸುಮ್ನೆ ಬಿಡ್ತೀನಾ?"

ಹುಡುಗಿ ಅವನನ್ನೇ ದಿಟ್ಟಿಸಿದಳು. ನಲವತ್ತೊಂದು ಸಲ ನಗುನಗುತ್ತಾ ಸೋತಿದ್ದ ತಾತ, ಒಂದು ಸಲವಾದರೂ ಇನ್ನೊಂದಾಟ ಕೇಳಿದ್ದನೇ? ಅವಳ ಬಾಯಿ ಕಿವಿಯ ತನಕ ಅಗಲವಾಯಿತು. ನೋಟ್‌ಬುಕ್ ತೆಗೆದು, ಬೂದು ಪುಟದ ನಡುವೆ ದೊಡ್ಡದೊಂದು ನಕ್ಷತ್ರ ಬರೆದು ಬಾಗಿಲಿಗೆ ಓಡಿದಳು.

"ಅಮ್ಮಾ, ತಾತಂಗೆ ಸಿಟ್ಟು ಬಂದಿದೆ! ನಾನು ನಿಜವಾಗ್ಲೂ ಗೆದ್ದೆ ಕಣಮ್ಮಾ!"

ತಾತ ಕುರ್ಚಿಯನ್ನು ಬೈಯುತ್ತಾ ಆಗಲೇ ಕಾಯಿಗಳನ್ನು ಜೋಡಿಸುತ್ತಿದ್ದ.